ಸ್ಕಿಜೋಫ್ರೀನಿಯ ರೋಗದಲ್ಲಿ ನಿತ್ಯವ್ಯವಹಾರದ ಚಿಕಿತ್ಸೆ

೧. ಹೆಸರು ಮತ್ತು ಅರ್ಥ

ಸ್ಕಿಜೋಫ್ರೀನಿಯ ಎಂಬ ಹೆಸರು ವೈದ್ಯಶಾಸ್ತ್ರದಲ್ಲಿ ಬಳಕೆಗೆ ಬಂದುದು ೧೯೦೮ರಲ್ಲಿ. ಸ್ವಿಟ್ಜರ್ಲೆಂಡಿನ ಮನೋವೈದ್ಯನಾದ ಆಯ್ಗನ್ ಬ್ಲಾಯ್ಲರನು ಆ ವರ್ಷ ಬರ್ಲಿನ್ ನಗರದಲ್ಲಿ ಮಾಡಿದ ಉಪನ್ಯಾಸವೊಂದರಲ್ಲಿ ಇದನ್ನು ಪ್ರಯೋಗಿಸಿದನು. ೧೯೧೧ರಲ್ಲಿ ಹೊರಬಂದ ತನ್ನ ಗ್ರಂಥದಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದನು. ಅದಕ್ಕೆ ಮೊದಲು ಜರ್ಮನಿಯ ಎಮಿಲ್ ಕ್ರೇಪೆಲಿನನು ಈ ರೋಗವನ್ನು ‘ಅಕಾಲದ ಬುದ್ಧಿನಾಶ’ ಎಂಬರ್ಥ ಕೊಡುವ ಲ್ಯಾಟಿನ್ ಹೆಸರಿನಿಂದ ಕರೆದಿದ್ದನು. ರೋಗವು ಎಲ್ಲರಲ್ಲಿಯೂ ಎಳೆಯ ವಯಸ್ಸಿನಲ್ಲಿಯೇ ತಲೆದೋರುವುದಿಲ್ಲ, ಎಲ್ಲರಲ್ಲಿಯೂ ಬುದ್ಧಿನಾಶದಲ್ಲಿಯೇ ಕೊನೆಗಾಣುವುದೂ ಇಲ್ಲ ಎಂಬುದನ್ನು ಕಂಡುಕೊಂಡ ಬ್ಲಾಯ್ಲರನು ಹಳೆಯ ಹೆಸರನ್ನು ಕೈಬಿಟ್ಟು, ಸೀಳುವಿಕೆ ಮತ್ತು ಮನಸ್ಸು ಎಂಬರ್ಥಗಳುಳ್ಳ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಹೊಸ ಹೆಸರನ್ನು ಕಟ್ಟಿದನು. ಆಲೋಚನೆ, ಭಾವ, ಇಚ್ಛೆ ಇವು ಒಂದಕ್ಕೊಂದು ಹೊಂದಿಕೊಂಡು ನಡೆಯದೆ ಕಳಚಿಹೋಗುತ್ತವೆಯೆಂಬುದೇ ಅವನ ತಾತ್ಪರ್ಯ. ಒಬ್ಬನೊಳಗೆ ಇಬ್ಬರು ವ್ಯಕ್ತಿಗಳು ನೆಲಸಿರುತ್ತಾರೆಂಬ ಜನಜನಿತವಾದ ಕಲ್ಪನೆಗೂ ಈ ರೋಗಕ್ಕೂ ಯಾವ ಸಂಬಂಧವೂ ಇಲ್ಲ. ಜಪಾನಿನಲ್ಲಿ ಈ ಹೆಸರಿನ ಭಾಷಾಂತರವು ರೋಗಿಗಳಿಗೆ ಕಳಂಕವನ್ನು ತಂದುದರಿಂದ ೨೦೦೨ರಲ್ಲಿ ಅದನ್ನು ಬಿಟ್ಟು ಬೇರೆ ಹೆಸರನ್ನು ಅಂಗೀಕರಿಸಿದರು. ಕನ್ನಡದಲ್ಲಿ ‘ಛಿದ್ರಮನಸ್ಕತೆ’ ಎಂಬ ಪದವೂ ಪ್ರಯೋಗದಲ್ಲಿರುವುದುಂಟು. ಆದರೆ ಅದು ಮೇಲೆ ಹೇಳಿದ ತಪ್ಪು ಕಲ್ಪನೆಗೆ ಎಡೆಗೊಡುವುದರಿಂದ ಇಲ್ಲಿ ಮೂಲದ ಹೆಸರನ್ನೇ ಇಟ್ಟುಕೊಂಡಿದೆ.

ರೋಗದ ಹೆಸರಿಗಿಂತಲೂ ಹೆಚ್ಚಾಗಿ ವಿಚಾರಕ್ಕೆ ಅರ್ಹವಾದ ಪದ ಇನ್ನೊಂದಿದೆ. ಅದು ‘ಗುಣ’. ಜ್ವರ ಬಂದವನಿಗೆ ಜ್ವರ ಬಿಟ್ಟರೆ ಗುಣವಾಯಿತೆನ್ನುತ್ತಾರೆ. ಜ್ವರ ಬಿಡುವುದೂ ಅವನು ಎದ್ದು ತನ್ನ ಕೆಲಸಕ್ಕೆ ಹೋಗುವುದೂ ಒಂದರ ಹಿಂದೆ ಒಂದು ತಾನಾಗಿಯೇ ನಡೆಯುವುದರಿಂದ, ಎರಡಕ್ಕೂ ಸೇರಿ ಒಂದೇ ಮಾತು ಸಾಕಾಗುತ್ತದೆ. ಸ್ಕಿಜೋಫ್ರೀನಿಯದಲ್ಲಿ ಹಾಗಲ್ಲ. ಕಿವಿಯಲ್ಲಿ ಕೇಳುತ್ತಿದ್ದ ಧ್ವನಿಗಳು ನಿಂತು, ಸಂಶಯಗಳು ಅಡಗಿ, ರಾತ್ರಿ ನಿದ್ರೆ ಬರುವಂತಾದ ಮೇಲೆಯೂ ರೋಗಿಯು ವರ್ಷಗಟ್ಟಲೆ ಮನೆಯ ಮೂಲೆಯಲ್ಲಿ ಸುಮ್ಮನೆ ಕುಳಿತಿರಬಹುದು. ಅಂಥವನಿಗೆ ಗುಣವಾಗಿದೆಯೆ, ಇಲ್ಲವೆ? ಈ ಪ್ರಶ್ನೆಗೆ ಕಳೆದ ಶತಮಾನದ ಸಂಶೋಧನೆಯು ಕೊಟ್ಟಿರುವ ಉತ್ತರ ಸ್ಪಷ್ಟವಾಗಿದೆ: ರೋಗಲಕ್ಷಣಗಳ ಶಮನ ಒಂದು, ನಿತ್ಯವ್ಯವಹಾರದ ಸಾಮರ್ಥ್ಯ ಮತ್ತೊಂದು; ಎರಡನೆಯದಕ್ಕೆ ತನ್ನವೇ ಆದ ಕಾರಣಗಳೂ ತನ್ನದೇ ಆದ ಚಿಕಿತ್ಸೆಯೂ ಉಂಟು. ಆ ಚಿಕಿತ್ಸೆಗಳಿಗೆ ಮನಃಸಾಮಾಜಿಕ ಚಿಕಿತ್ಸೆಗಳೆಂದು ಹೆಸರು.

೨. ಲಕ್ಷಣಗಳ ಮೂರು ಬಗೆ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಈ ರೋಗವು ಲೋಕದಲ್ಲಿ ಸುಮಾರು ೩೦೦ ಮಂದಿಗೆ ಒಬ್ಬರಂತೆ ಕಂಡುಬರುತ್ತದೆ. ಇದರ ಲಕ್ಷಣಗಳನ್ನು ಮೂರು ಬಗೆಯಾಗಿ ವಿಂಗಡಿಸುವುದು ವಾಡಿಕೆ. ಇರಬಾರದುದು ಇರುವುದು ಮೊದಲನೆಯದು: ಯಾರೂ ಆಡದ ಮಾತು ಕೇಳಿಸುವುದು, ನೆರೆಯವರು ವಿಷವಿಕ್ಕುತ್ತಾರೆಂಬಂಥ ಆಧಾರವಿಲ್ಲದ ನಂಬಿಕೆ, ಮಾತಿನ ಅಸಂಬದ್ಧತೆ. ಇವನ್ನು ಅಧಿಕಲಕ್ಷಣಗಳೆನ್ನಬಹುದು. ಇರಬೇಕಾದುದು ಇಲ್ಲದಿರುವುದು ಎರಡನೆಯದು: ಉತ್ಸಾಹವಿಲ್ಲ, ಮಾತಿಲ್ಲ, ಮುಖದಲ್ಲಿ ಭಾವದ ಸುಳಿವಿಲ್ಲ, ಸ್ನಾನ ಮಾಡಬೇಕೆಂಬ ಮನಸ್ಸೂ ಇಲ್ಲ. ಇವು ಅಭಾವಲಕ್ಷಣಗಳು. ಗಮನ, ಜ್ಞಾಪಕ, ಮುಂದಾಲೋಚನೆ ಇವುಗಳಲ್ಲಿ ಉಂಟಾಗುವ ಕುಂದು ಮೂರನೆಯದು.

೧೯೫೨ರಲ್ಲಿ ಪ್ಯಾರಿಸಿನ ವೈದ್ಯರಾದ ಡಿಲೇ ಮತ್ತು ಡೆನಿಕರ್ ಅವರು ಕ್ಲೋರ್‌ಪ್ರೊಮಜೀನ್ ಎಂಬ ಔಷಧದ ಪ್ರಭಾವವನ್ನು ಪ್ರಕಟಿಸಿದುದು ಈ ರೋಗದ ಇತಿಹಾಸದಲ್ಲಿ ಒಂದು ತಿರುವು. ಅದೂ ಅದರ ತರುವಾಯ ಬಂದ ಔಷಧಗಳೂ ಮೊದಲನೆಯ ಬಗೆಯ ಲಕ್ಷಣಗಳನ್ನು ಬಹುಮಂದಿಯಲ್ಲಿ ಅಡಗಿಸುತ್ತವೆ. ರೋಗವು ಮರುಕಳಿಸುವುದನ್ನು ತಡೆಯುತ್ತವೆ. ಎರಡನೆಯ ಮತ್ತು ಮೂರನೆಯ ಬಗೆಯ ಲಕ್ಷಣಗಳ ಮೇಲೆ ಮಾತ್ರ ಅವುಗಳ ಪ್ರಭಾವ ಅಲ್ಪ. ದಿನನಿತ್ಯದ ಬಾಳುವೆಯಾದರೋ ಹೆಚ್ಚಾಗಿ ಈ ಎರಡನ್ನೇ ಅವಲಂಬಿಸಿರುವುದು. ಸಂತೆಗೆ ಹೋಗಿ ತರಕಾರಿ ತರಬೇಕಾದರೆ ಏನೇನು ಬೇಕೆಂಬುದು ನೆನಪಿನಲ್ಲಿರಬೇಕು, ಬಸ್ಸಿನ ಸಂಖ್ಯೆಯನ್ನು ಗುರುತಿಸಬೇಕು, ಬೆಲೆ ಕೇಳಬೇಕು, ಚಿಲ್ಲರೆ ಎಣಿಸಬೇಕು, ಎಲ್ಲಕ್ಕಿಂತ ಮೊದಲು, ಎದ್ದು ಹೊರಡಬೇಕೆಂಬ ಮನಸ್ಸು ಹುಟ್ಟಬೇಕು.

ಇದಕ್ಕೆ ಇನ್ನೊಂದು ಸಂಗತಿ ಸೇರುತ್ತದೆ. ರೋಗವು ಸಾಮಾನ್ಯವಾಗಿ ಆರಂಭವಾಗುವುದು ಹದಿಹರೆಯದ ಕೊನೆಯಿಂದ ಮೂವತ್ತರ ಸುಮಾರಿನವರೆಗಿನ ವಯಸ್ಸಿನಲ್ಲಿ. ಓದು ಮುಗಿಸಿ, ಕಸುಬು ಕಲಿತು, ಸಂಸಾರ ಹೂಡಿ, ನಾಲ್ಕು ಜನರೊಡನೆ ವ್ಯವಹರಿಸುವ ರೀತಿಯನ್ನು ಅರಿಯತಕ್ಕ ಕಾಲವದು. ಆದಕಾರಣ ಎಷ್ಟೋ ಮಂದಿ ರೋಗಿಗಳಲ್ಲಿ ಕಲಿತ ವಿದ್ಯೆ ಮರೆತುಹೋಗಿರುವುದು ಮಾತ್ರವಲ್ಲ, ಕಲಿಯಬೇಕಾದುದನ್ನು ಕಲಿಯುವ ಅವಕಾಶವೇ ತಪ್ಪಿಹೋಗಿರುತ್ತದೆ. ಮರೆತುದನ್ನು ನೆನಪಿಗೆ ತರಬಹುದು. ಕಲಿಯದೆ ಇದ್ದುದನ್ನು ಕಲಿಸಿಯೇ ತೀರಬೇಕು.

೩. ಪರಿಸರದ ಪಾತ್ರ

ರೋಗಿಯ ಜಡತೆಗೆ ರೋಗವೊಂದೇ ಕಾರಣವೆ, ಅಥವಾ ಅವನನ್ನು ಇಟ್ಟಿರುವ ಸ್ಥಳವೂ ಕಾರಣವೆ ಎಂಬ ಪ್ರಶ್ನೆ ಹಳೆಯದು. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ವಿಲಿಯಂ ಟ್ಯೂಕನು ೧೭೯೬ರಲ್ಲಿ ತೆರೆದ ಆಶ್ರಯದಲ್ಲಿ ಸಂಕೋಲೆಗಳನ್ನು ತೊರೆದು, ತೋಟದ ಕೆಲಸ, ಹೊಲಿಗೆ, ಸಭ್ಯವಾದ ಸಂಭಾಷಣೆ ಇವುಗಳನ್ನೇ ಚಿಕಿತ್ಸೆಯಾಗಿ ನಡಸಿದರು. ಜರ್ಮನಿಯ ಗ್ಯೂಟರ್ಸ್‌ಲೋ ಊರಿನ ಆಸ್ಪತ್ರೆಯಲ್ಲಿ ಹೆರ್ಮನ್ ಸೀಮೋನನು ೧೯೨೦ರ ದಶಕದಲ್ಲಿ ಪ್ರತಿಯೊಬ್ಬ ರೋಗಿಗೂ ಅವನ ಶಕ್ತಿಗೆ ತಕ್ಕ ಕೆಲಸವನ್ನು ಕೊಟ್ಟು, ಸುಮ್ಮನೆ ಮಲಗಿಸಿಡುವುದೇ ಅಪಾಯವೆಂದು ವಾದಿಸಿದನು. ಆದರೆ ಈ ಅಭಿಪ್ರಾಯಗಳಿಗೆ ಅಳತೆಯ ಪ್ರಮಾಣ ದೊರೆತುದು ೧೯೬೦ರಿಂದ ೧೯೬೮ರವರೆಗೆ ಇಂಗ್ಲೆಂಡಿನಲ್ಲಿ ನಡೆದ ಸಂಶೋಧನೆಯಿಂದ. ಜಾನ್ ವಿಂಗ್ ಮತ್ತು ಜಾರ್ಜ್ ಬ್ರೌನ್ ಎಂಬ ವಿದ್ವಾಂಸರು ಮೂರು ದೊಡ್ಡ ಮಾನಸಿಕ ಆಸ್ಪತ್ರೆಗಳಲ್ಲಿ ಬಹುಕಾಲದಿಂದ ಇದ್ದ ಸ್ತ್ರೀ ರೋಗಿಗಳನ್ನು ಪರೀಕ್ಷಿಸಿದರು. ರೋಗಿಯ ಮಾತು, ನಡತೆಗಳನ್ನು ಮಾತ್ರವಲ್ಲದೆ, ಅವಳ ಬಳಿ ಸ್ವಂತದ ಬಾಚಣಿಗೆ, ಕನ್ನಡಿಗಳಂಥ ವಸ್ತುಗಳಿವೆಯೆ, ಹೊರಗಿನವರ ಸಂಪರ್ಕವಿದೆಯೆ, ಎದ್ದಾಗಿನಿಂದ ಮಲಗುವವರೆಗೆ ಎಷ್ಟು ಹೊತ್ತು ಏನನ್ನೂ ಮಾಡದೆ ಕಳೆಯುತ್ತಾಳೆ ಎಂಬುದನ್ನೂ ಗುರುತು ಹಾಕಿಕೊಂಡರು.

೧೯೭೦ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದ ಅವರ ನಿರ್ಣಯ ಗಮನಾರ್ಹವಾದುದು. ಪರಿಸರವು ಎಲ್ಲಿ ಬರಡಾಗಿತ್ತೋ ಅಲ್ಲಿ ಜಡತೆ, ಮೌನ, ನಿರ್ಲಿಪ್ತತೆಗಳು ಹೆಚ್ಚಾಗಿದ್ದವು. ವರ್ಷಗಳು ಕಳೆದಂತೆ ಯಾರ ಸ್ಥಿತಿ ಸುಧಾರಿಸಿತೋ ಅವರಲ್ಲಿ, ಉಳಿದ ಎಲ್ಲ ಅಂಶಗಳಿಗಿಂತ ಮಿಗಿಲಾಗಿ, ಸುಮ್ಮನಿರುವ ಹೊತ್ತು ಕಡಿಮೆಯಾಗಿತ್ತು. ರೋಗದ ಅಂಗವೆಂದು ಎಣಿಸಲಾಗಿದ್ದ ಕುಂದಿನ ಒಂದು ಪಾಲು ಆಸ್ಪತ್ರೆಯ ಕೊಡುಗೆಯೆಂದು ಇದರಿಂದ ಸಿದ್ಧವಾಯಿತು. ಆದರೆ ಇದಕ್ಕೊಂದು ಎಲ್ಲೆಯೂ ಉಂಟು: ಅತಿಯಾದ ಒತ್ತಾಯದಿಂದ ಅಡಗಿದ್ದ ಭ್ರಮೆಗಳು ಮತ್ತೆ ಕೆರಳಬಹುದೆಂಬುದನ್ನೂ ಆ ಕಾಲದ ಸಂಶೋಧಕರು ಕಂಡರು. ಕೊರತೆಯೂ ಸಲ್ಲದು, ಅತಿರೇಕವೂ ಸಲ್ಲದು. ಇವೆರಡರ ನಡುವಣ ಹದವನ್ನು ಹುಡುಕುವುದೇ ಈ ಚಿಕಿತ್ಸೆಯ ಕಷ್ಟ.

೪. ಮನೆಯವರ ಮಾತು

ಆಸ್ಪತ್ರೆಯ ಪರಿಸರದಂತೆಯೇ ಮನೆಯ ಪರಿಸರವೂ ವಿಚಾರಕ್ಕೆ ಬಂದಿತು. ಬ್ರೌನ್ ಮತ್ತು ಅವರ ಸಂಗಡಿಗರು ೧೦೧ ಮಂದಿ ರೋಗಿಗಳ ಮನೆಗಳನ್ನು ಅಧ್ಯಯನ ಮಾಡಿ ೧೯೭೨ರಲ್ಲಿ ಪ್ರಕಟಿಸಿದ ಫಲಿತಾಂಶ ಪ್ರಸಿದ್ಧವಾಗಿದೆ. ಯಾವ ಮನೆಗಳಲ್ಲಿ ರೋಗಿಯನ್ನು ಕುರಿತ ಟೀಕೆ, ಹಗೆತನ, ಅಥವಾ ಮಿತಿಮೀರಿದ ಕಳವಳ ಹೆಚ್ಚಾಗಿದ್ದಿತೋ ಅಲ್ಲಿ ಒಂಬತ್ತು ತಿಂಗಳೊಳಗೆ ನೂರಕ್ಕೆ ೫೮ ಮಂದಿಗೆ ರೋಗ ಮರುಕಳಿಸಿತು. ಇವು ಕಡಿಮೆಯಿದ್ದ ಮನೆಗಳಲ್ಲಿ ನೂರಕ್ಕೆ ೧೬ ಮಂದಿಗೆ ಮಾತ್ರ. ಮನೆಯವರು ರೋಗವನ್ನು ಹುಟ್ಟಿಸುತ್ತಾರೆಂದು ಇದರ ಅರ್ಥವಲ್ಲ. ಅಂಥ ಹಳೆಯ ವಾದಗಳಿಗೆ ಆಧಾರವಿಲ್ಲವೆಂದು ತೀರ್ಮಾನವಾಗಿದೆ. ಹುಟ್ಟಿದ ರೋಗವು ಮುಂದೆ ಹಿಡಿಯುವ ದಾರಿಯಲ್ಲಿ ಮನೆಯ ಮಾತಿಗೆ ಪಾತ್ರವುಂಟೆಂಬುದಷ್ಟೇ ಇಲ್ಲಿನ ಅಭಿಪ್ರಾಯ.

ಆ ಟೀಕೆಗಳು ಯಾವುದನ್ನು ಕುರಿತವು ಎಂದು ಪರಿಶೀಲಿಸಿದಾಗ ಇನ್ನೊಂದು ಅಂಶ ಹೊರಪಟ್ಟಿತು. ಅವುಗಳಲ್ಲಿ ಹೆಚ್ಚಿನ ಪಾಲು ಭ್ರಮೆಗಳನ್ನೋ ಅಸಂಬದ್ಧ ಪ್ರಲಾಪವನ್ನೋ ಕುರಿತವಲ್ಲ. ರೋಗಿಯ ನಿಷ್ಕ್ರಿಯತೆ, ನಿರಾಸಕ್ತಿ, ಒಳಸರಿದ ಸ್ವಭಾವ ಇವುಗಳನ್ನು ಕುರಿತವು. ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಗೋಡೆಯೊಡನೆ ಮಾತನಾಡುವ ಮಗನನ್ನು ಕಂಡರೆ ತಾಯಿಗೆ ಅದು ರೋಗವೆಂದು ತೋರುತ್ತದೆ. ಹತ್ತು ಗಂಟೆಯಾದರೂ ಹಾಸಿಗೆ ಬಿಟ್ಟೇಳದ ಮಗನನ್ನು ಕಂಡರೆ ಅದು ಸೋಮಾರಿತನವೆಂದು ತೋರುತ್ತದೆ. ‘ಮೈಗಳ್ಳ’, ‘ತಿಂಡಿಪೋತ’, ‘ದಂಡಪಿಂಡ’ ಎಂಬ ಮಾತುಗಳು ಹುಟ್ಟುವುದು ಇಲ್ಲಿ. ಮೈಗಳ್ಳನೆಂದರೆ ಶಕ್ತಿಯಿದ್ದೂ ಮೈಯನ್ನು ಬಚ್ಚಿಡುವವನು ಎಂದಷ್ಟೆ ಅರ್ಥ. ಅಭಾವಲಕ್ಷಣವುಳ್ಳ ರೋಗಿಯಲ್ಲಿ ಬಚ್ಚಿಡಲು ಆ ಶಕ್ತಿಯೇ ಇರುವುದಿಲ್ಲವೆಂಬುದನ್ನು ಮನೆಯವರಿಗೆ ತಿಳಿಯಹೇಳುವುದು ಕುಟುಂಬಚಿಕಿತ್ಸೆಯ ಮೊದಲ ಹೆಜ್ಜೆ. ರೋಗದ ಸ್ವರೂಪ, ಔಷಧದ ಅವಶ್ಯಕತೆ, ಮರುಕಳಿಕೆಯ ಮುನ್ಸೂಚನೆಗಳು, ಒಂದೊಂದಾಗಿ ಚಿಕ್ಕ ಕೆಲಸಗಳನ್ನು ಒಪ್ಪಿಸುವ ಕ್ರಮ, ಮನೆಯವರು ತಮ್ಮ ಬಳಲಿಕೆಯನ್ನು ಹಗುರಮಾಡಿಕೊಳ್ಳುವ ಉಪಾಯ ಇವು ಮುಂದಿನವು. ಲಂಡನ್ನಿನಲ್ಲಿ ಜೂಲಿಯನ್ ಲೆಫ್ ಮತ್ತು ಸಂಗಡಿಗರು ೧೯೮೨ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ೨೪ ಮಂದಿ ರೋಗಿಗಳಿದ್ದರು. ಎಲ್ಲರಿಗೂ ಔಷಧ ನಡೆಯುತ್ತಿದ್ದಿತು. ಕುಟುಂಬಚಿಕಿತ್ಸೆಯಿಲ್ಲದ ಪಂಗಡದಲ್ಲಿ ಒಂಬತ್ತು ತಿಂಗಳೊಳಗೆ ಅರ್ಧದಷ್ಟು ಮಂದಿಗೆ ರೋಗ ಮರುಕಳಿಸಿತು. ಅದು ದೊರೆತ ಪಂಗಡದಲ್ಲಿ ಒಬ್ಬರಿಗೆ ಮಾತ್ರ.

ಭಾರತದಲ್ಲಿ ಮನೆಯವರ ಸಹಾಯವನ್ನು ಪಡೆಯುವ ಪದ್ಧತಿ ಇದಕ್ಕಿಂತ ಮುಂಚಿನದು. ೧೯೫೦ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಬಂಧುಗಳನ್ನು ಜೊತೆಯಲ್ಲಿಯೇ ಇರಿಸಿಕೊಂಡರು. ವೆಲ್ಲೂರಿನಲ್ಲಿಯೂ ಅದೇ ದಶಕದಲ್ಲಿ ಇಂಥ ಏರ್ಪಾಡು ಆರಂಭವಾಯಿತು. ಬೆಂಗಳೂರಿನಲ್ಲಿ ೧೯೮೦ರ ದಶಕದ ಆದಿಯಲ್ಲಿ ಪೈ ಮತ್ತು ಕಪೂರ್ ಎಂಬ ಸಂಶೋಧಕರು, ಆಸ್ಪತ್ರೆಯಲ್ಲಿ ಸೇರಿಸಿಕೊಂಡ ರೋಗಿಗಳನ್ನೂ ದಾದಿಯೊಬ್ಬರು ಮನೆಗೆ ಹೋಗಿ ನೋಡಿಕೊಂಡ ರೋಗಿಗಳನ್ನೂ ಹೋಲಿಸಿ, ಎರಡನೆಯವರ ಸ್ಥಿತಿಯೂ ಅವರ ಮನೆಯವರ ಹೊರೆಯೂ ಉತ್ತಮಗೊಂಡುದನ್ನು ತೋರಿಸಿದರು. ಚಂಡೀಗಢದಲ್ಲಿ ನಡೆದು ೧೯೮೭ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಟೀಕೆಯ ಪ್ರಮಾಣ ಲಂಡನ್ನಿಗಿಂತ ಬಹಳ ಕಡಿಮೆಯಾಗಿದ್ದಿತು. ಇದನ್ನು ಹೆಮ್ಮೆಗೆ ಮಾತ್ರ ಕಾರಣವೆಂದು ಎಣಿಸುವುದು ಸರಿಯಲ್ಲ. ರೋಗಿಯನ್ನು ಸಹಿಸಿಕೊಳ್ಳುವ ಮನೆಯಲ್ಲಿಯೂ ಅವನನ್ನು ಕೆಲಸಕ್ಕೆ ಹಚ್ಚದೆ, ‘ಇರಲಿ, ಪಾಪ’ ಎಂದು ಮೂಲೆಯಲ್ಲಿ ಕೂರಿಸಿಬಿಡುವುದುಂಟು. ವಿಂಗ್ ಮತ್ತು ಬ್ರೌನರು ಆಸ್ಪತ್ರೆಯಲ್ಲಿ ಕಂಡ ಬರಡುತನಕ್ಕೆ ಮನೆಯೂ ಎಡೆಯಾಗಬಲ್ಲದು.

೫. ಕುಶಲತೆಯ ಶಿಕ್ಷಣ

ಸಾಮಾಜಿಕ ಕುಶಲತೆಯ ಶಿಕ್ಷಣವೆಂಬುದು ೧೯೭೦ರ ದಶಕದಿಂದ ಅಮೆರಿಕದ ರಾಬರ್ಟ್ ಲಿಬರ್ಮನ್ ಮೊದಲಾದವರ ಪ್ರಯತ್ನದಿಂದ ಕ್ರಮಬದ್ಧವಾಯಿತು. ದೊಡ್ಡ ವ್ಯವಹಾರವೊಂದನ್ನು ಸಣ್ಣ ಸಣ್ಣ ಭಾಗಗಳಾಗಿ ಬಿಡಿಸಿ, ಒಂದೊಂದನ್ನೂ ಮಾಡಿ ತೋರಿಸಿ, ರೋಗಿಯಿಂದ ಮಾಡಿಸಿ, ಸರಿಯಾದುದನ್ನು ಮೆಚ್ಚಿ, ತಪ್ಪಿದುದನ್ನು ತಿದ್ದಿ, ಮತ್ತೆ ಮತ್ತೆ ಅಭ್ಯಾಸ ಮಾಡಿಸುವುದೇ ಇದರ ವಿಧಾನ. ಉದಾಹರಣೆಗೆ, ಔಷಧದಿಂದ ಕೈ ನಡುಗುತ್ತದೆಯೆಂದು ವೈದ್ಯರಿಗೆ ತಿಳಿಸುವುದನ್ನು ತೆಗೆದುಕೊಳ್ಳಬಹುದು. ಎದುರಿಗಿರುವವರ ಮುಖ ನೋಡುವುದು, ನಮಸ್ಕರಿಸುವುದು, ತೊಂದರೆ ಯಾವಾಗ ಆರಂಭವಾಯಿತೆಂದು ಹೇಳುವುದು, ಏನು ಮಾಡಬೇಕೆಂದು ಕೇಳುವುದು, ಕೇಳಿದುದನ್ನು ತಿರುಗಿ ಹೇಳಿ ಖಚಿತಪಡಿಸಿಕೊಳ್ಳುವುದು ಎಂದು ಅದನ್ನು ಐದಾರು ಹೆಜ್ಜೆಗಳಾಗಿ ಒಡೆಯುತ್ತಾರೆ. ಇದರ ಜೊತೆಗೆ ಗಮನ, ಜ್ಞಾಪಕ ಮೊದಲಾದ ಶಕ್ತಿಗಳನ್ನು ಅಭ್ಯಾಸದಿಂದ ಹುರಿಗೊಳಿಸುವ ಚಿಕಿತ್ಸೆಯೂ ಬೆಳೆದುಬಂದಿದೆ. ಅದನ್ನು ಒಂದನ್ನೇ ನಡಸುವುದಕ್ಕಿಂತ ಉದ್ಯೋಗವೇ ಮೊದಲಾದ ಪುನರ್ವಸತಿಯ ಜೊತೆ ಸೇರಿಸಿ ನಡಸಿದಾಗ ನಿತ್ಯವ್ಯವಹಾರದಲ್ಲಿ ಹೆಚ್ಚು ಪ್ರಯೋಜನ ಕಂಡುಬರುತ್ತದೆ.

ಈ ಶಿಕ್ಷಣದ ಬಲಹೀನತೆಯೂ ಬೇಗ ಗೋಚರವಾಯಿತು. ಆಸ್ಪತ್ರೆಯ ಕೊಠಡಿಯಲ್ಲಿ ಚೆನ್ನಾಗಿ ಕಲಿತುದು ಊರ ಬೀದಿಗೆ ಬರುವುದಿಲ್ಲ. ಆಸ್ಪತ್ರೆಯ ಅಡುಗೆಮನೆಯಲ್ಲಿ ಅನ್ನ ಮಾಡಲು ಕಲಿತವನು ತನ್ನ ಮನೆಯ ಒಲೆಯ ಮುಂದೆ ಕೈಚೆಲ್ಲುತ್ತಾನೆ. ಇದನ್ನು ಮನಗಂಡ ಲೆನಾರ್ಡ್ ಸ್ಟೈನ್ ಮತ್ತು ಮೇರಿ ಆನ್ ಟೆಸ್ಟ್ ಎಂಬವರು ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಮ್ಯಾಡಿಸನ್ ನಗರದಲ್ಲಿ ೧೯೭೦ರ ದಶಕದಲ್ಲಿ ಆಸ್ಪತ್ರೆಯ ಸಿಬ್ಬಂದಿಯನ್ನೇ ಊರೊಳಕ್ಕೆ ಕಳುಹಿಸಿದರು. ಬಟ್ಟೆ ಒಗೆಯುವುದನ್ನು ರೋಗಿಯ ಮನೆಯಲ್ಲಿಯೂ, ಕೊಳ್ಳುವುದನ್ನು ಅವನ ಬೀದಿಯ ಅಂಗಡಿಯಲ್ಲಿಯೂ, ದುಡಿಯುವುದನ್ನು ದುಡಿಯುವ ಸ್ಥಳದಲ್ಲಿಯೂ ಕಲಿಸಲಾಯಿತು. ೧೯೮೦ರಲ್ಲಿ ಪ್ರಕಟವಾದ ಫಲಿತಾಂಶದಂತೆ ಈ ರೋಗಿಗಳು ಆಸ್ಪತ್ರೆ ಸೇರಬೇಕಾದ ಸಂದರ್ಭ ಬಹಳ ಕಡಿಮೆಯಾಯಿತು, ಬಾಳುವೆಯೂ ಸುಧಾರಿಸಿತು. ಆದರೆ ಹದಿನಾಲ್ಕು ತಿಂಗಳ ಬಳಿಕ ಈ ವಿಶೇಷ ಏರ್ಪಾಡನ್ನು ನಿಲ್ಲಿಸಿದಾಗ ಗಳಿಸಿದುದರಲ್ಲಿ ಬಹುಭಾಗ ಸೋರಿಹೋಯಿತು. ಕಲಿಸುವುದು ಬಾಳುವ ಎಡೆಯಲ್ಲಿಯೇ ಆಗಬೇಕು, ಆಸರೆಯು ನಡುವೆ ಕಡಿದುಹೋಗಬಾರದು ಎಂಬ ಎರಡು ಪಾಠಗಳು ಮ್ಯಾಡಿಸನ್ನಿನಿಂದ ದೊರೆತವು.

೬. ಉದ್ಯೋಗ

ಉದ್ಯೋಗದ ವಿಷಯದಲ್ಲಿಯೂ ಇದೇ ತತ್ತ್ವ ಸ್ಥಿರಪಟ್ಟಿದೆ. ಮೊದಲು ತರಬೇತಿ, ಆಮೇಲೆ ಕೆಲಸ ಎಂಬುದು ಹಳೆಯ ಕ್ರಮ. ರೋಗಿಗಳು ವರ್ಷಗಟ್ಟಲೆ ಮೇಣದ ಬತ್ತಿ ಮಾಡುತ್ತ, ಬುಟ್ಟಿ ಹೆಣೆಯುತ್ತ ತರಬೇತಿಯಲ್ಲಿಯೇ ಉಳಿದುಬಿಡುತ್ತಿದ್ದರು. ನಿಜವಾದ ಕೆಲಸದ ದಿನ ಬರುತ್ತಲೇ ಇರಲಿಲ್ಲ. ೧೯೯೦ರ ದಶಕದಲ್ಲಿ ಅಮೆರಿಕದ ಡೆಬೊರಾ ಬೆಕರ್ ಮತ್ತು ರಾಬರ್ಟ್ ಡ್ರೇಕ್ ಅವರು ಈ ಕ್ರಮವನ್ನು ತಿರುಗುಮುರುಗು ಮಾಡಿದರು: ಮೊದಲು ರೋಗಿ ಬಯಸಿದ, ಎಲ್ಲರಿಗೂ ತೆರೆದ, ಸಂಬಳವುಳ್ಳ ಕೆಲಸ; ಆಮೇಲೆ ಆ ಕೆಲಸದಲ್ಲಿಯೇ ತರಬೇತಿ. ಉದ್ಯೋಗ ಸಹಾಯಕನೊಬ್ಬನು ವೈದ್ಯರೊಡನೆ ಸೇರಿ ದುಡಿಯುತ್ತಾನೆ, ಧಣಿಯೊಡನೆ ಮಾತನಾಡುತ್ತಾನೆ, ಕೆಲಸ ಸಿಕ್ಕಿದ ಮೇಲೆಯೂ ಕೈಬಿಡುವುದಿಲ್ಲ. ಯೂರೋಪಿನ ಆರು ಕೇಂದ್ರಗಳಲ್ಲಿ ತೀವ್ರವಾದ ಮನೋರೋಗವುಳ್ಳ ೩೧೨ ಮಂದಿಯನ್ನು ಯಾದೃಚ್ಛಿಕವಾಗಿ ಎರಡು ಪಂಗಡಗಳಾಗಿ ಮಾಡಿ ನಡಸಿ ೨೦೦೭ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹೊಸ ಕ್ರಮಕ್ಕೆ ಸೇರಿದವರಲ್ಲಿ ನೂರಕ್ಕೆ ೫೫ ಮಂದಿ ಒಂದು ದಿನವಾದರೂ ಸಂಬಳದ ಕೆಲಸ ಮಾಡಿದರು. ಹಳೆಯ ಕ್ರಮದವರಲ್ಲಿ ೨೮ ಮಂದಿ. ಒಂದು ದಿನವೆಂಬ ಅಳತೆ ಅಲ್ಪವೆಂದು ತೋರಬಹುದು. ಎಷ್ಟೋ ವರ್ಷ ದುಡಿಯದೆ ಕುಳಿತಿದ್ದವನ ಪಾಲಿಗೆ ಆ ದಿನವು ಒಂದು ಗಡಿಯನ್ನು ದಾಟಿದ ದಿನ.

೭. ಭಾರತದ ಪ್ರಯೋಗಗಳು

ಮೇಲ್ಕಂಡ ಪದ್ಧತಿಗಳಿಗೆ ಸುಶಿಕ್ಷಿತ ಸಿಬ್ಬಂದಿ ಬೇಕು. ಭಾರತದಲ್ಲಿ ಮನೋವೈದ್ಯರು ವಿರಳ. ರೋಗಿಗಳಲ್ಲಿ ಬಹುಮಂದಿ ಹಳ್ಳಿಗಳಲ್ಲಿರುವವರು. ಆದುದರಿಂದ, ವಿಶೇಷ ವೈದ್ಯಶಿಕ್ಷಣವಿಲ್ಲದ ಸ್ಥಳೀಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಈ ಕೆಲಸವನ್ನು ಮಾಡಿಸಬಹುದೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ತಮಿಳುನಾಡಿನ ಕಾಂಚೀಪುರ, ಮಹಾರಾಷ್ಟ್ರದ ಸಾತಾರಾ ಮತ್ತು ಗೋವೆ ಈ ಮೂರು ಎಡೆಗಳಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾದ ಪರೀಕ್ಷೆಯು ಇದಕ್ಕೆ ಉತ್ತರವನ್ನು ಹುಡುಕಿತು. ೨೮೨ ಮಂದಿಯಲ್ಲಿ ೧೮೭ ಮಂದಿಗೆ ವೈದ್ಯರ ಚಿಕಿತ್ಸೆಯ ಜೊತೆಗೆ ಕಾರ್ಯಕರ್ತರ ಮನೆಭೇಟಿ, ಕುಟುಂಬಕ್ಕೆ ತಿಳಿವಳಿಕೆ, ವ್ಯವಹಾರದ ಶಿಕ್ಷಣ, ಸರಕಾರದ ಸವಲತ್ತು ಪಡೆಯಲು ನೆರವು ಇವು ದೊರೆತವು. ೯೫ ಮಂದಿಗೆ ವೈದ್ಯರ ಚಿಕಿತ್ಸೆ ಮಾತ್ರ. ಹನ್ನೆರಡು ತಿಂಗಳ ಬಳಿಕ ಮೊದಲ ಪಂಗಡದವರ ರೋಗಲಕ್ಷಣಗಳೂ ಅಸಾಮರ್ಥ್ಯವೂ ಹೆಚ್ಚು ಇಳಿದಿದ್ದವು. ವ್ಯತ್ಯಾಸವು ದೊಡ್ಡದಲ್ಲ, ಮೂರು ಎಡೆಗಳಲ್ಲಿ ಸಮಾನವೂ ಅಲ್ಲ, ಕಾಂಚೀಪುರದಲ್ಲಿ ಹೆಚ್ಚು ಸ್ಪಷ್ಟವಾಗಿದ್ದಿತು. ಅಲ್ಲಿ ಕಾರ್ಯವನ್ನು ನಿರ್ವಹಿಸಿದ ಮದರಾಸಿನ ಸ್ಕಾರ್ಫ್ ಸಂಸ್ಥೆಯನ್ನು ೧೯೮೪ರಲ್ಲಿ ಸ್ಥಾಪಿಸಿದವರು ಮಂಗಳೂರಿನಲ್ಲಿ ಜನಿಸಿದ ಡಾಕ್ಟರ್ ಶಾರದಾ ಮೆನನ್ ಅವರು.

ಔಷಧವನ್ನು ಬಿಟ್ಟು ಈ ಚಿಕಿತ್ಸೆಗಳಿಂದಲೇ ಕಾರ್ಯಸಾಧನೆಯಾಗುವುದೆಂದು ಮೇಲಿನ ಮಾತುಗಳಿಂದ ಯಾರೂ ಭಾವಿಸಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಈ ಶತಮಾನದ ಮೊದಲ ದಶಕದಲ್ಲಿ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಮನೆಮನೆಯ ರೋಗಿಗಳನ್ನು ಗುರುತಿಸಿ ಅನುಸರಿಸಿದಾಗ, ಔಷಧ ಪಡೆದವರ ಅಸಾಮರ್ಥ್ಯ ಇಳಿಯಿತು; ಪಡೆಯದವರಲ್ಲಿ ಅಂಥ ಇಳಿತ ಕಾಣಲಿಲ್ಲ. ಔಷಧವು ನೆಲೆಗಟ್ಟು; ಮನೆಯನ್ನು ಅದರ ಮೇಲೆ ಕಟ್ಟಬೇಕಾಗಿದೆ. ಅಮೆರಿಕದ ಮನೋವೈದ್ಯರ ಸಂಘವು ೨೦೨೦ರಲ್ಲಿ ಹೊರಡಿಸಿದ ಮಾರ್ಗದರ್ಶಿಯೂ ಔಷಧದ ಜೊತೆಗೆ ರೋಗವನ್ನು ಕುರಿತ ಶಿಕ್ಷಣ, ಆಸರೆಯುಳ್ಳ ಉದ್ಯೋಗ, ಮ್ಯಾಡಿಸನ್ ಮಾದರಿಯ ಸೇವೆ ಇವುಗಳನ್ನು ದೃಢವಾಗಿ ವಿಧಿಸಿ, ಕುಟುಂಬಚಿಕಿತ್ಸೆ, ಕುಶಲತೆಯ ಶಿಕ್ಷಣ, ಗ್ರಹಣಶಕ್ತಿಯ ಅಭ್ಯಾಸ ಇವುಗಳನ್ನು ಸ್ವಲ್ಪ ಸಂಕೋಚದೊಡನೆ ಸೂಚಿಸಿದೆ.

ಕಾನೂನಿನಲ್ಲಿಯೂ ಈ ದೃಷ್ಟಿ ಪ್ರವೇಶಿಸಿದೆ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಮನೋರೋಗದಿಂದಾಗುವ ಅಸಾಮರ್ಥ್ಯವನ್ನು ಪರಿಗಣಿಸುತ್ತದೆ. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ರೋಗಿಗೆ ಸಮಾಜದಲ್ಲಿ ಬಾಳುವ ಹಕ್ಕನ್ನು ಮನ್ನಿಸಿದೆ. ಭಾರತದಲ್ಲಿ ಅಸಾಮರ್ಥ್ಯವನ್ನು ಅಳೆಯಲು ಬಳಸುವ ಮಾಪಕವು ಸ್ವಂತದ ಶುಚಿತ್ವ, ಜನರೊಡನೆ ಸಂಬಂಧ, ಮಾತುಕತೆ ಮತ್ತು ತಿಳಿವಳಿಕೆ, ಕೆಲಸ ಎಂಬ ನಾಲ್ಕು ಬಾಬುಗಳನ್ನು ಕೇಳುತ್ತದೆಯೇ ಹೊರತು ಧ್ವನಿಗಳು ಕೇಳಿಸುತ್ತವೆಯೆ ಎಂದು ಕೇಳುವುದಿಲ್ಲವೆಂಬುದು ಗಮನಿಸತಕ್ಕ ಸಂಗತಿ.

೮. ಉಪಸಂಹಾರ

ಇಲ್ಲಿಯವರೆಗಿನ ವಿಚಾರದಿಂದ ಮೂರು ಮಾತು ಸಿದ್ಧವಾಗುತ್ತವೆ. ಲಕ್ಷಣಗಳು ಅಡಗಿದ ಮಾತ್ರಕ್ಕೆ ವ್ಯವಹಾರಶಕ್ತಿ ಮರಳುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಬೆಳೆಸಬೇಕು. ಬೆಳೆಸುವುದು ರೋಗಿಯು ಬಾಳುವ ಮನೆ, ಬೀದಿ, ಕೆಲಸದ ಸ್ಥಳಗಳಲ್ಲಿಯೇ ಆಗಬೇಕು. ಆ ಆಸರೆಯು ಬಹುಕಾಲ ಮುಂದುವರಿಯಬೇಕು. ಫಲವು ಅನೇಕ ಸಂದರ್ಭಗಳಲ್ಲಿ ಸಾಧಾರಣವಾದುದೆಂಬುದು ನಿಜ. ಆದರೆ ತನ್ನ ಬಟ್ಟೆಯನ್ನು ತಾನೇ ಒಗೆದುಕೊಳ್ಳುವುದಕ್ಕೂ ಇನ್ನೊಬ್ಬರಿಂದ ಒಗೆಸಿಕೊಳ್ಳುವುದಕ್ಕೂ ಇರುವ ಅಂತರವು, ಮಾಪಕದ ಅಂಕಿಯಲ್ಲಿ ಎಷ್ಟೇ ಕಿರಿದಾಗಿದ್ದರೂ, ಮುಪ್ಪಿನ ತಾಯಿತಂದೆಗಳಿರುವ ಮನೆಯಲ್ಲಿ ಕಿರಿದಲ್ಲ. ಅವರ ಕಾಲಾನಂತರ ರೋಗಿಯು ಎಲ್ಲಿ ಬಾಳುತ್ತಾನೆಂಬುದು ಹಲವು ವೇಳೆ ಅಂಥ ಅಂತರದಿಂದಲೇ ನಿರ್ಧಾರವಾಗುತ್ತದೆ. ಆದಕಾರಣ ‘ಗುಣವಾಗಿದೆಯೆ?’ ಎಂದು ಕೇಳುವವರು, ಧ್ವನಿಗಳು ನಿಂತವೆ ಎಂಬುದರ ಜೊತೆಗೆ, ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದ ಎಂಬುದನ್ನೂ ಕೇಳಿ ತಿಳಿಯುವುದು ಯುಕ್ತ.